ಬೆಣ್ಣೆ ಬಾರದ ಶನಿವಾರ

“ಬಂತಾ?” ಟ್ರಿಣ್ಣಿ ಗಡಿಗೆಯೊಳಗೆ ಇಣುಕಿ ಕೇಳಿದಳು.

“ಶ್! ಹಾಗೆ ಕೇಳಬಾರದು ಅಂತ ಎಷ್ಟು ಸಲ ಹೇಳೋದು?” ಚೂಟಿ ಹಗ್ಗ ಎಳೆಯುವುದನ್ನು ನಿಲ್ಲಿಸದೆ ಗದರಿದಳು. “ಬಂತಾ ಬಂತಾ ಅಂತ ಕೇಳಿದ್ರೆ ಬೆಣ್ಣೆ ನಾಚ್ಕೊಂಡು ತಳಕ್ಕೆ ಹೋಗಿಬಿಡುತ್ತೆ.”

“ಬೆಣ್ಣೆಗೆ ಕಿವಿ ಇದೆಯಾ?”

“ನಂಗೇನು ಗೊತ್ತು? ಅಜ್ಜಿ ಹೇಳಿದ್ದು.”

ಟ್ರಿಣ್ಣಿ ಕಿಸಕ್ಕನೆ ನಕ್ಕಳು. ಅವಳ ಅಪ್ಪನಿಗೆ ಬೀದಿಯ ತುದಿಯಲ್ಲಿ ಸೈಕಲ್ ಶಾಪ್ ಇತ್ತು. ರಿಪೇರಿಗೆ ಬಂದ ಸೈಕಲ್ಲುಗಳ ಬೆಲ್ಲನ್ನೆಲ್ಲ ಒತ್ತಿ ನೋಡುವುದು ಅವಳ ಕೆಲಸ. ಮಾತೂ ಬೆಲ್ಲಿನ ಹಾಗೇ, ನಿಲ್ಲುತ್ತಲೇ ಇರಲಿಲ್ಲ. ಅದಕ್ಕೇ ಎಲ್ಲರೂ ಅವಳನ್ನು ಟ್ರಿಣ್ಣಿ ಎಂದು ಕರೆಯುತ್ತಿದ್ದರು.

ಅಡುಗೆಮನೆಯ ಮೂಲೆಯಲ್ಲಿ ಒಂದು ಕಂಬ. ಕಂಬದ ಬುಡದಲ್ಲಿ ದೊಡ್ಡ ಮಣ್ಣಿನ ಗಡಿಗೆ. ಗಡಿಗೆಯ ತುಂಬ ವಾರವೆಲ್ಲ ಕೂಡಿಟ್ಟ ಕೆನೆ ಮೊಸರು. ಚೂಟಿ ಹಗ್ಗದ ಎರಡು ತುದಿಗಳನ್ನು ಹಿಡಿದು ಎಳೆದ ಹಾಗೆಲ್ಲ ಕಡೆಗೋಲು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ತಿರುಗುತ್ತಿತ್ತು. ಸೊರ್ ಬೊರ್, ಸೊರ್ ಬೊರ್ ಎಂದು ಮೊಸರು ಗೊಣಗುತ್ತಿತ್ತು.

“ಅಬ್ಬಾ, ಎಷ್ಟೊಂದು ಮೊಸರು!” ಟ್ರಿಣ್ಣಿ ಕಣ್ಣರಳಿಸಿದಳು. “ನಮ್ಮನೇಲೂ ಇಷ್ಟು ಇದ್ದಿದ್ರೆ ನಾನು ದಿನಾ ಸ್ಪೂನಲ್ಲಿ ಬೆಣ್ಣೆ ತಿಂತಿದ್ದೆ. ಬ್ರೆಡ್ಡೂ ಬೇಡ, ಏನೂ ಬೇಡ.”

ಹಿತ್ತಲ ಬಾಗಿಲಲ್ಲಿ ನಿಂತಿದ್ದ ಅಜ್ಜಿಗೆ ಅದು ಕೇಳಿಸಿತು. “ಅಬ್ಬಾ ಅನ್ನಬಾರದಮ್ಮ, ಕಡೆಯೋ ಗಡಿಗೆ ಮುಂದೆ,” ಎಂದಳು. ಆಮೇಲೆ ಚೂಟಿಯ ಕಡೆ ತಿರುಗಿ, “ಚಳಿಗೆ ಮೊಸರು ಬಿಗಿದುಕೊಂಡಿದೆ. ಒಂದು ಲೋಟ ಉಗುರುಬೆಚ್ಚಗಿನ ನೀರು ಹಾಕು. ಬೆರಳು ಅದ್ದಿ ನೋಡಿ ಹಾಕಬೇಕು, ಆಯ್ತಾ? ನಾನು ಹಸೂನ ತೊಳೆದು ಬರ್ತೀನಿ,” ಎಂದು ಬಕೆಟ್ ಹಿಡಿದು ಕೊಟ್ಟಿಗೆಗೆ ಹೋದಳು.

ಅಜ್ಜಿಯ ಹತ್ತಿರ ಹೀಗೆ ಬಹಳ ರೂಲ್ಸ್ ಇದ್ದವು. ಕಡೆಯುವಾಗ ಜಗಳ ಆಡಬಾರದು. ಗಡಿಗೆಯ ಕೆಳಗೆ ಒಂದು ಕಬ್ಬಿಣದ ಮೊಳೆ ಇಟ್ಟಿರಬೇಕು. ಕಡೆಯುವ ಹೊತ್ತಿಗೆ ಮನೆಯೊಳಗೆ ಯಾರೇ ಬಂದರೂ ಒಂದು ಸಲವಾದರೂ ಹಗ್ಗ ಎಳೆದೇ ಹೋಗಬೇಕು, ಇಲ್ಲದಿದ್ದರೆ ಬೆಣ್ಣೆಯೂ ಅವರ ಹಿಂದೆಯೇ ಹೊರಟುಹೋಗುತ್ತದೆ.

ಆ ಕೊನೆಯ ರೂಲ್ ಚೂಟಿಗೆ ತುಂಬ ಇಷ್ಟ. ಟ್ರಿಣ್ಣಿ ಅವಳಿಗೆ ಸಿಕ್ಕಿದ್ದೇ ಅದರಿಂದ.

ಚೂಟಿ ಈ ಊರಿಗೆ ಹೊಸಬಳು. ಅವಳ ಅಪ್ಪ ದೂರದಲ್ಲೆಲ್ಲೋ ಸೇತುವೆ ಕಟ್ಟುವ ಕೆಲಸಕ್ಕೆ ಸೇರಿದ್ದರು. ಅಲ್ಲಿ ಕೆಲಸದವರಿಗೆ ಅಡುಗೆ ಮಾಡಲು ಅಮ್ಮನೂ ಹೋಗಿದ್ದಳು. ಅಲ್ಲಿರುವುದು ಶೀಟಿನ ಮನೆಗಳು. ಹತ್ತಿರದಲ್ಲಿ ಸ್ಕೂಲ್ ಇಲ್ಲ. ಹಾಗಾಗಿ ಚೂಟಿಯನ್ನು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು. ಹೋಗುವಾಗ ಅಮ್ಮ ಅವಳ ಜಡೆ ಬಿಗಿ ಮಾಡುತ್ತಾ, “ಅಜ್ಜಿಗೆ ವಯಸ್ಸಾಗಿದೆ. ತೊಂದರೆ ಕೊಡಬೇಡ. ನಿನ್ನಿಂದ ಅವರಿಗೆ ಕಷ್ಟ ಆಯ್ತು ಅಂತ ನನ್ನ ಕಿವಿಗೆ ಬೀಳಬಾರದು,” ಎಂದಿದ್ದಳು.

ಹೊಸ ಸ್ಕೂಲಿನಲ್ಲಿ ಮೊದಮೊದಲು ಚೂಟಿಯ ಜೊತೆ ಯಾರೂ ಮಾತಾಡಲಿಲ್ಲ. ಅವಳಾಗಿ ಮಾತಾಡಿಸಲೂ ಇಲ್ಲ. ಅಜ್ಜಿ ಪ್ರೀತಿಯಿಂದ ಚೂಟಿ ಎಂದು ಹೆಸರಿಟ್ಟಿದ್ದರೂ ಹೊರಗೆ ಹೋದರೆ ಅವಳ ಬಾಯಿಗೆ ಬೀಗ ಬೀಳುತ್ತಿತ್ತು. ಒಂದು ಶನಿವಾರ ಟ್ರಿಣ್ಣಿ ಮಜ್ಜಿಗೆ ಕೊಳ್ಳಲು ಪಾತ್ರೆ ಹಿಡಿದು ಬಂದಳು. ಅಜ್ಜಿ ಕಡೆಯುತ್ತಿದ್ದಳು. “ಬಾ, ಒಂದು ಸಲ ಎಳೆದು ಹೋಗು,” ಎಂದಳು. ಟ್ರಿಣ್ಣಿ ಒಂದು ಸಲ ಎಳೆದಳು, ಇನ್ನೊಂದು ಸಲ ಎಳೆದಳು, ಮಾತಾಡುತ್ತಾ ಮಾತಾಡುತ್ತಾ ಬೆಣ್ಣೆ ಬರುವ ತನಕ ಎಳೆದಳು. ಸೋಮವಾರ ಸ್ಕೂಲಿನಲ್ಲಿ ಬ್ಯಾಗ್ ತಂದು ಚೂಟಿಯ ಪಕ್ಕದಲ್ಲಿ ಧೊಪ್ಪನೆ ಇಟ್ಟು ಕೂತಳು. ಅಲ್ಲಿಂದ ಮುಂದೆ ಪ್ರತಿ ಶನಿವಾರವೂ ಇಬ್ಬರೂ ಒಟ್ಟಿಗೇ ಕಡೆಯುತ್ತಿದ್ದರು.

ಇವತ್ತು ಮಾತ್ರ ಇಬ್ಬರಿಗೂ ಆತುರ. ಶಾಪಿಗೆ ಒಂದು ಚಿಕ್ಕ ಕೆಂಪು ಸೈಕಲ್ ರಿಪೇರಿಗೆ ಬಂದಿತ್ತು. ಚೂಟಿಯ ಎತ್ತರಕ್ಕೆ ಹೇಳಿ ಮಾಡಿಸಿದಂತಿತ್ತು.

“ಹತ್ತು ಗಂಟೆಗೆ ಅದರ ಓನರ್ ಬರ್ತಾರಂತೆ,” ಟ್ರಿಣ್ಣಿ ಕೂತಲ್ಲೇ ಕುಣಿಯುತ್ತಾ ಹೇಳಿದಳು. “ಅಷ್ಟರೊಳಗೆ ಬಂದ್ರೆ ಓಡಿಸಿ ಅಂದಿದ್ದಾರೆ ಅಪ್ಪ. ಇವತ್ತು ನಿಂಗೆ ಬ್ಯಾಲೆನ್ಸ್ ಕಲಿಸೇ ಕಲಿಸ್ತೀನಿ. ನಾನು ಹಿಂದೆ ಹಿಡ್ಕೋತೀನಿ. ಬಿಡಲ್ಲ. ಪ್ರಾಮಿಸ್.”

“ಇದು ಬೇಗ ಬರ್ತಾನೇ ಇಲ್ವಲ್ಲ.”

“ಇರು, ಅಪ್ಪ ಶಟರ್ ತೆಗೆದ್ರಾ ನೋಡಿ ಬರ್ತೀನಿ!” ಎಂದು ಟ್ರಿಣ್ಣಿ ಗೇಟಿನ ಕಡೆ ಓಡಿದಳು.

ಒಲೆಯ ಮೇಲೆ ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಬೆಚ್ಚಗಿನ ನೀರು ಹಾಕಿದರೆ ಬೆಣ್ಣೆ ಬೇಗ ಬರುತ್ತದೆ. ಹಾಗಾದರೆ ಬಿಸಿನೀರು ಹಾಕಿದರೆ ಇನ್ನೂ ಬೇಗ ಬರಬೇಕಲ್ಲ? ಚೂಟಿ ಒಂದು ಚೊಂಬು ನೀರು ಮೊಗೆದಳು. ಬೆರಳು ಅದ್ದಲಿಲ್ಲ. ಅದ್ದುವ ಹಾಗೂ ಇರಲಿಲ್ಲ, ಹಬೆ ಏಳುತ್ತಿತ್ತು. ಪೂರ್ತಿ ಚೊಂಬು ಗಡಿಗೆಗೆ ಸುರಿದು ಹಗ್ಗ ಹಿಡಿದಳು.

ಟ್ರಿಣ್ಣಿ ಬಂದಳು. ಇಬ್ಬರೂ ಸರದಿ ಮೇಲೆ ಎಳೆದರು. ತೋಳು ನೋಯತೊಡಗಿತು. ಬೆಣ್ಣೆ ಬರಲಿಲ್ಲ. ಅಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, “ಕೊಡಿ ಇಲ್ಲಿ,” ಎಂದು ಕೂತಳು. ಎಳೆದಳು, ಎಳೆದಳು. ಬೆವರಿಳಿಯಿತು. ಮೊಸರಿನ ಮೇಲೆ ಸೋಪಿನ ನೊರೆಯಂಥ ಬಿಳಿ ಚೂರುಗಳು ತೇಲಿದವು. ಅಲ್ಲಲ್ಲಿ ಎಣ್ಣೆ ಹೊಳೆದಂತೆ ಹೊಳೆಯಿತು. ಅಜ್ಜಿ ಕೈಯಲ್ಲಿ ಕೂಡಿಸಲು ನೋಡಿದರೆ ಬೆರಳ ಸಂದಿಯಲ್ಲಿ ಜಾರಿಹೋಯಿತು.

ಅಜ್ಜಿ ಗಡಿಗೆಯ ಹೊಟ್ಟೆಯ ಮೇಲೆ ಅಂಗೈ ಇಟ್ಟಳು. “ನೀರು ಬೆಚ್ಚಗೆ ತಾನೇ ಇದ್ದಿದ್ದು? ಬಿಸಿ ಇರ್ಲಿಲ್ವಲ್ಲ?”

ವಾರವೆಲ್ಲ ಕೂಡಿಟ್ಟ ಕೆನೆ. ಮಧ್ಯಾಹ್ನ ಬೇಕರಿ ಮಾಮ ಬೆಣ್ಣೆಗೆ ಬರುತ್ತಾರೆ. ನಾಳೆ ಅಮ್ಮನ ಫೋನ್ ಬರುತ್ತದೆ.

“ಇಲ್ಲ ಅಜ್ಜಿ. ಬೆರಳು ಅದ್ದಿ ನೋಡಿದೆ.”

ಅಜ್ಜಿ ಅವಳನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ನಿಟ್ಟುಸಿರು ಬಿಟ್ಟು ಟ್ರಿಣ್ಣಿಯ ಕಡೆ ತಿರುಗಿದಳು.

“ಮಗೂ, ನೀನು ಸ್ವಲ್ಪ ಹೊರಗೆ ಕೂತ್ಕೋ.”

“ಯಾಕಜ್ಜಿ?”

“ಕೂತ್ಕೋಮ್ಮ. ಆಗಲೇ ‘ಅಬ್ಬಾ’ ಅಂದೆಯಲ್ಲ, ಅದು ತಾಗಿದೆ ಇದಕ್ಕೆ. ಕೆಲವರ ಕಣ್ಣೇ ಹಾಗೆ, ಆಸೆಪಟ್ಟು ನೋಡಿದ್ರೆ ಕೆಡುತ್ತೆ. ನೀನು ಬೇಕು ಅಂತ ಮಾಡಿದ್ದಲ್ಲ, ನಂಗೆ ಗೊತ್ತು.”

ಅಜ್ಜಿ ಬೈಯಲಿಲ್ಲ. ಜ್ವರ ಬಂದ ಮಗುವಿನ ಜೊತೆ ಮಾತಾಡುವ ಹಾಗೆ ಮೆಲ್ಲಗೆ ಹೇಳಿದಳು. ಒಂದು ಹಿಡಿ ಉಪ್ಪು ತೆಗೆದು ಒಲೆಗೆ ಹಾಕಿದಳು. ಅದು ಚಟಪಟ ಎಂದಿತು.

ಟ್ರಿಣ್ಣಿ ಬಾಗಿಲ ಹತ್ತಿರ ನಿಂತೇ ಇದ್ದಳು. ಅವಳ ಬಾಯಿ ತೆರೆದೇ ಇತ್ತು, ಮಾತು ಮಾತ್ರ ಬರಲಿಲ್ಲ. ಅವಳು ಚೂಟಿಯ ಕಡೆ ನೋಡಿದಳು.

ಚೂಟಿ ಹಗ್ಗದ ತುದಿಯ ಗಂಟನ್ನು ನೋಡುತ್ತಾ ನಿಂತಳು. ಮತ್ತೆ ತಲೆ ಎತ್ತಿದಾಗ ಬಾಗಿಲಲ್ಲಿ ಯಾರೂ ಇರಲಿಲ್ಲ.

ಅವತ್ತು ಬೆಣ್ಣೆ ಬರಲೇ ಇಲ್ಲ. ಬೇಕರಿ ಮಾಮ ಖಾಲಿ ಡಬ್ಬ ಹಿಡಿದು ಬಂದು ಖಾಲಿ ಡಬ್ಬ ಹಿಡಿದೇ ಹೋದರು. ಗಡಿಗೆಯಲ್ಲಿದ್ದದ್ದನ್ನೆಲ್ಲ ಅಜ್ಜಿ ಹಸುವಿನ ಬಾನಿಗೆ ಸುರಿದಳು. ಹಸು ಮೂತಿ ಅದ್ದಿ ಖುಷಿಯಾಗಿ ಕುಡಿಯಿತು. ಅವತ್ತು ಆ ಮನೆಯಲ್ಲಿ ಖುಷಿಯಾಗಿದ್ದದ್ದು ಅದೊಂದೇ.

ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆ ಚೂಟಿ ಗೇಟಿನ ತನಕ ಹೋಗಿ ನೋಡಿದ್ದಳು. ಬೀದಿಯ ಆ ತುದಿಯಲ್ಲಿ ಶಾಪಿನ ಗೋಡೆಗೆ ಕೆಂಪು ಸೈಕಲ್ ಒರಗಿ ನಿಂತಿತ್ತು. ಆಮೇಲೆ ಯಾರೋ ಬಂದು ಅದನ್ನು ತಗೊಂಡು ಹೋಗಿದ್ದರು.

*

ಭಾನುವಾರ ಅಮ್ಮನ ಫೋನ್ ಬಂತು. ಅಮ್ಮ ಇರುವ ಊರು ದೂರ ಎಂದು ಅಜ್ಜಿ ಯಾವಾಗಲೂ ಫೋನಿನಲ್ಲಿ ಕಿರುಚಿಯೇ ಮಾತಾಡುತ್ತಿದ್ದಳು. “ಚೆನ್ನಾಗಿದ್ದಾಳೆ! ಊಟ ಮಾಡ್ತಾಳೆ! ಕೊಡ್ತೀನಿ ತಾಳು!” ಎಂದು ಕಿರುಚಿ ಫೋನನ್ನು ಚೂಟಿಯ ಕೈಗಿಟ್ಟಳು.

“ಏನೇ ಬಂಗಾರ, ಹೇಗಿದ್ದೀಯಾ?” ಅಮ್ಮನ ಹಿಂದೆ ಪಾತ್ರೆಗಳ ಸದ್ದು ಕೇಳುತ್ತಿತ್ತು.

“ಚೆನ್ನಾಗಿದ್ದೀನಿ.”

“ನಿನ್ನ ಫ್ರೆಂಡು? ಆ ಮಾತಿನ ಮಲ್ಲಿ?”

ಚೂಟಿ ಫೋನನ್ನು ಈ ಕಿವಿಯಿಂದ ಆ ಕಿವಿಗೆ ಬದಲಾಯಿಸಿದಳು. ಹೇಳಿಬಿಡೋಣ ಅನ್ನಿಸಿತು. ಎಲ್ಲಿಂದ ಶುರು ಮಾಡುವುದು? ‘ಅಮ್ಮಾ, ನಾನು ಬಿಸಿನೀರು...’

“ಅಮ್ಮಾ...”

“ಇರು, ಇರು... ಏಯ್, ಅದನ್ನ ಕೆಳಗಿಳಿಸ್ರೋ, ಸೀದು ಹೋಗ್ತಿದೆ! ಹಾಂ, ಹೇಳು ಪುಟ್ಟಾ. ಅಜ್ಜಿಗೆ ಏನೂ ತೊಂದರೆ ಕೊಡ್ತಿಲ್ಲ ತಾನೇ?”

“ಇಲ್ಲ,” ಎಂದಳು ಚೂಟಿ.

“ಜಾಣೆ ನನ್ನ ಮಗಳು. ಮುಂದಿನ ವಾರ ಮಾಡ್ತೀನಿ, ಆಯ್ತಾ?”

ಫೋನ್ ಇಟ್ಟ ಮೇಲೆ ಮನೆ ಇನ್ನೂ ದೊಡ್ಡದಾದ ಹಾಗಾಯಿತು. ಅಜ್ಜಿ ಹಿತ್ತಲಲ್ಲಿ ಹಸುವಿನ ಜೊತೆ ಏನೋ ಮಾತಾಡುತ್ತಿದ್ದಳು. ಚೂಟಿಗೆ ಮಾತಾಡಲು ಹಸುವೂ ಬೇಡವಾಗಿತ್ತು.

*

ಸೋಮವಾರ ಟ್ರಿಣ್ಣಿ ಬೆಂಚಿಗೆ ಬರಲಿಲ್ಲ. ಬ್ಯಾಗ್ ತಗೊಂಡು ನೇರವಾಗಿ ಹಿಂದಿನ ಸಾಲಿಗೆ ಹೋದಳು. ಅಲ್ಲಿ ಮುರಿದ ಕಿಟಕಿಯ ಪಕ್ಕ ಒಂದು ಖಾಲಿ ಬೆಂಚಿತ್ತು. ಗಾಳಿ ಬರುತ್ತದೆ ಎಂದು ಅಲ್ಲಿ ಯಾರೂ ಕೂರುತ್ತಿರಲಿಲ್ಲ.

‘ಕೋಪ ಬಂದಿದೆ,’ ಅಂದುಕೊಂಡಳು ಚೂಟಿ. ಪಕ್ಕದ ಖಾಲಿ ಜಾಗದಲ್ಲಿ ತನ್ನ ಜಾಮಿಟ್ರಿ ಬಾಕ್ಸ್ ಇಟ್ಟಳು. ಆಮೇಲೆ ನೀರಿನ ಬಾಟಲ್ ಇಟ್ಟಳು. ಏನಿಟ್ಟರೂ ಆ ಜಾಗ ತುಂಬಲಿಲ್ಲ.

ಮೂರನೇ ಪೀರಿಯಡ್ಡಿನಲ್ಲಿ ಸೈನ್ಸ್ ಮಿಸ್ ಒಂದು ಟ್ರೇ ತಂದರು. ಹತ್ತಿಯ ಮೇಲೆ ಅವರೆಲ್ಲ ಇಟ್ಟಿದ್ದ ಹುರುಳಿಕಾಯಿ ಬೀಜಗಳು ಮೊಳಕೆ ಒಡೆದಿದ್ದವು.

“ನೋಡಿ ಮಕ್ಕಳೇ, ಹೇಗೆ ತಲೆ ಎತ್ತಿವೆ! ಟ್ರೇ ಪಾಸ್ ಮಾಡಿ. ಎಲ್ಲರೂ ಹತ್ತಿರದಿಂದ ನೋಡಿ. ಮೂಗು ತಾಗಿಸಬೇಡಿ ಅಷ್ಟೇ.”

ಟ್ರೇ ಕೈಯಿಂದ ಕೈಗೆ ಹೋಯಿತು. “ನಂದು ನೋಡು ಎಷ್ಟು ಉದ್ದ!” “ನಂದು ಸತ್ತೇ ಹೋಗಿದೆ ಮಿಸ್!” ಎಂದು ಗದ್ದಲವೋ ಗದ್ದಲ. ಹಿಂದಿನ ಬೆಂಚಿಗೆ ಟ್ರೇ ಬಂದಾಗ ಟ್ರಿಣ್ಣಿ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು.

“ಯಾಕಮ್ಮ? ನೋಡು,” ಎಂದರು ಮಿಸ್.

“ಬೇಡ ಮಿಸ್.”

“ನಿನ್ನ ಬೀಜ ಎಷ್ಟು ಚೆನ್ನಾಗಿ ಬಂದಿದೆ, ನೋಡೋದಕ್ಕೇನು?”

“ನಾನು ನೋಡಲ್ಲ ಮಿಸ್. ಬೇರೆಯವರಿಗೆ ಕೊಡಿ.” ಟ್ರಿಣ್ಣಿ ಕಣ್ಣನ್ನು ಬಿಗಿಯಾಗಿ ಮುಚ್ಚಿಕೊಂಡಳು.

ಯಾರೋ ನಕ್ಕರು. ಮಿಸ್ಸಿಗೆ ಏನೂ ಅರ್ಥವಾಗಲಿಲ್ಲ. “ಹೊಟ್ಟೆನೋವಾ? ಸರಿ, ಮಲಗು,” ಎಂದು ಟ್ರೇ ತಗೊಂಡು ಹೋದರು.

ಆ ಕ್ಲಾಸಿನಲ್ಲಿ ಅದು ಅರ್ಥವಾದದ್ದು ಒಬ್ಬಳಿಗೆ ಮಾತ್ರ. ಚೂಟಿಯ ಕಿವಿ ಬಿಸಿಯಾಯಿತು.

ಬ್ರೇಕಿನಲ್ಲಿ ಅವಳು ಟ್ರಿಣ್ಣಿಯನ್ನು ಹುಡುಕಿಕೊಂಡು ಹೋದಳು. ಟ್ರಿಣ್ಣಿ ನೀರಿನ ಟ್ಯಾಂಕಿನ ಹಿಂದೆ ಒಬ್ಬಳೇ ಕೂತು ಶೂ ಲೇಸ್ ಬಿಚ್ಚುವುದು, ಕಟ್ಟುವುದು ಮಾಡುತ್ತಿದ್ದಳು.

“ಟ್ರಿಣ್ಣೀ, ನನ್ನ ಮೇಲೆ ಕೋಪಾನಾ?”

“ಇಲ್ಲ.” ಟ್ರಿಣ್ಣಿ ತಲೆ ಎತ್ತಲಿಲ್ಲ.

“ಮತ್ತೆ ಯಾಕೆ ನನ್ನ ಕಡೆ ನೋಡ್ತಿಲ್ಲ?”

ಟ್ರಿಣ್ಣಿ ಲೇಸನ್ನು ಬೆರಳಿಗೆ ಸುತ್ತಿದಳು. “ನೋಡಲ್ಲ. ನಿಂಗೇನಾದ್ರೂ ಆದ್ರೆ?”

ಬೀಜ ನೋಡದ್ದು ಹೆದರಿಕೆಗೆ, ತನ್ನನ್ನು ನೋಡದ್ದು ಕೋಪಕ್ಕೆ ಎಂದುಕೊಂಡಿದ್ದಳು ಚೂಟಿ. ಕೋಪವಾದರೆ ಎಷ್ಟೋ ವಾಸಿಯಿತ್ತು. ನಾಲಿಗೆ ತುದಿಯ ತನಕ ಮಾತು ಬಂತು. ಅಷ್ಟರಲ್ಲಿ ಬೆಲ್ ಹೊಡೆಯಿತು. ಟ್ರಿಣ್ಣಿ ಎದ್ದು, ನೆಲವನ್ನೇ ನೋಡುತ್ತಾ, ಗೋಡೆ ಹಿಡಿದುಕೊಂಡು ಕ್ಲಾಸಿಗೆ ಹೋದಳು.

*

ಸಂಜೆ ಚೂಟಿ ಮನೆಗೆ ಹೋಗುವ ಬದಲು ಸೈಕಲ್ ಶಾಪಿನ ಕಡೆ ನಡೆದಳು. ಶಾಪಿನ ಹಿಂದೆಯೇ ಟ್ರಿಣ್ಣಿಯ ಮನೆ. ಅವಳ ಅಪ್ಪ ಸೈಕಲ್ ಮಾಮ ನೆಲದ ಮೇಲೆ ಕೂತು ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಪಂಕ್ಚರ್ ಹುಡುಕುತ್ತಿದ್ದರು.

“ಏನಮ್ಮಾ ಚೂಟಿ, ಶನಿವಾರ ಕೈ ಕೊಟ್ಟೆಯಲ್ಲ! ಸೈಕಲ್ ನಿಂಗೋಸ್ಕರ ಕಾದೂ ಕಾದೂ ಹೋಯ್ತು.”

ಒಳಗೆ ಮಗು ಅಳುತ್ತಿತ್ತು. ಟ್ರಿಣ್ಣಿಗೆ ಒಬ್ಬ ಪುಟ್ಟ ತಮ್ಮ ಇದ್ದ. ಈಗಷ್ಟೇ ಅಂಬೆಗಾಲಿಡಲು ಕಲಿತಿದ್ದ. ಟ್ರಿಣ್ಣಿ ಅವನ ವಿಷಯ ಹೇಳಲು ಶುರು ಮಾಡಿದರೆ ಕ್ಲಾಸಿನಲ್ಲಿ ಮಿಸ್ ಬೆತ್ತ ಕುಟ್ಟುವ ತನಕ ನಿಲ್ಲಿಸುತ್ತಿರಲಿಲ್ಲ.

“ಪಾಪುಗೆ ಏನಾಯ್ತು ಮಾಮ?”

“ಏನಿಲ್ಲ, ಶೀತ. ನಿನ್ನೆಯಿಂದ ಮೂಗು ಸೋರ್ತಿದೆ, ಸ್ವಲ್ಪ ಮೈ ಬೆಚ್ಚಗಿದೆ. ಡಾಕ್ಟರು ಏನೂ ಆಗಿಲ್ಲ ಅಂದ್ರು.” ಮಾಮ ದನಿ ತಗ್ಗಿಸಿದರು. “ಇವಳದ್ದೇ ನಂಗೆ ಯೋಚನೆ. ತಮ್ಮ ಅಂದ್ರೆ ಪ್ರಾಣ ಬಿಡ್ತಿದ್ಲು. ನಿನ್ನೆಯಿಂದ ಅವನ ಮುಖಾನೇ ನೋಡ್ತಿಲ್ಲ. ಎತ್ಕೋ ಅಂದ್ರೆ ಕಣ್ಣು ಮುಚ್ಕೊಂಡು ಎತ್ಕೋತಾಳೆ. ಸ್ಕೂಲಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?”

ಚೂಟಿ ಬಾಗಿಲ ಪರದೆಯ ಸಂದಿಯಿಂದ ಒಳಗೆ ನೋಡಿದಳು. ಟ್ರಿಣ್ಣಿ ಮಗುವನ್ನು ಹೆಗಲಿಗೆ ಹಾಕಿಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆಯುತ್ತಿದ್ದಳು. ಪಾಪು ಅವಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಲು ನೋಡುತ್ತಿದ್ದ. ಅವನು ಈ ಕಡೆ ಎಳೆದರೆ ಅವಳು ಆ ಕಡೆ ತಿರುಗುತ್ತಿದ್ದಳು. ಅಕ್ಕ ಯಾಕೆ ತನ್ನನ್ನು ನೋಡುತ್ತಿಲ್ಲ ಎಂದು ತಿಳಿಯದೆ ಅವನು ಇನ್ನೂ ಜೋರಾಗಿ ಅಳುತ್ತಿದ್ದ.

ಚೂಟಿ ತಿರುಗಿ ಓಡಿದಳು.

“ಏಯ್, ಚೂಟೀ! ಬಿಸ್ಕೆಟ್ ತಿಂದು ಹೋಗೇ!” ಎಂದು ಮಾಮ ಕೂಗಿದ್ದು ಅವಳಿಗೆ ಕೇಳಿಸಲಿಲ್ಲ.

*

ಅಜ್ಜಿ ಹಿತ್ತಲಲ್ಲಿ ಸೊಂಟಕ್ಕೆ ಕೈ ಕೊಟ್ಟು ನಿಂತು ಗಡಿಗೆ ತೊಳೆಯಲು ನೀರು ತುಂಬುತ್ತಿದ್ದಳು. ಚೂಟಿ ಏದುಸಿರು ಬಿಡುತ್ತಾ ಬಂದು ನಿಂತಳು.

“ಅಜ್ಜಿ, ನೀರು ಬಿಸಿ ಇತ್ತು.”

“ಯಾವ ನೀರೇ?”

“ಶನಿವಾರ. ನಾನು ಹಂಡೆಯಿಂದ ಕುದಿಯೋ ನೀರು ತೆಗೆದು ಹಾಕಿದೆ. ಒಂದು ಚೊಂಬು. ಬೆರಳು ಅದ್ದಲಿಲ್ಲ. ಟ್ರಿಣ್ಣಿ ಆಗ ಗೇಟ್ ಹತ್ರ ಹೋಗಿದ್ಲು. ಅವಳಿಗೆ ಗೊತ್ತಿಲ್ಲ.” ಒಂದೇ ಉಸಿರಿಗೆ ಇಷ್ಟು ಹೇಳಿ ಅವಳು ನಿಂತಳು. ಆಮೇಲೆ ಉಳಿದದ್ದೂ ಬಂತು. ಬೀಜದ ಟ್ರೇ, ಶೂ ಲೇಸ್, ಕಣ್ಣು ಮುಚ್ಚಿ ಪಾಪುವನ್ನು ಎತ್ತಿಕೊಂಡದ್ದು, ಎಲ್ಲ.

ಅಜ್ಜಿಯ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಚೂಟಿಗೆ.

“ಗಡಿಗೆ ಬಿಸಿ ಇದೆ ಅಂತ ನನ್ನ ಕೈಗೆ ಗೊತ್ತಾಗಿತ್ತು,” ಎಂದಳು ಅಜ್ಜಿ ಕೊನೆಗೆ. “ನೀನು ಇಲ್ಲ ಅಂದೆ. ಕೈಯನ್ನ ಬಿಟ್ಟು ನಿನ್ನ ನಂಬಿದೆ.”

ಚೂಟಿಯ ಕಣ್ಣು ತುಂಬಿ ಬಂತು.

“ಆಗಲೇ ಹೇಳಿದ್ದಿದ್ರೆ ತಣ್ಣೀರು ಸುರಿದು ಅರ್ಧ ಗಂಟೆ ಬಿಟ್ಟಿದ್ರೆ ಆಗ್ತಿತ್ತು. ಬೆಣ್ಣೆ ಬರ್ತಿತ್ತು ಕಣೇ.” ಅಜ್ಜಿ ಚೊಂಬನ್ನು ಕೆಳಗಿಟ್ಟಳು. “ಹೋಗ್ಲಿ, ಬೆಣ್ಣೆ ಹೋದ್ರೆ ಹೋಯ್ತು. ನಾನು ಆ ಮಗು ಮುಖದ ಮೇಲೇ ಹಾಗೆ ಅಂದ್ನಾ? ಅಂದೆ. ಅಂದುಬಿಟ್ಟೆ.”

“ಅಜ್ಜಿ, ಕಣ್ಣು ತಾಗೋದು ಅಂತ ನಿಜವಾಗ್ಲೂ ಇದೆಯಾ?”

ಅಜ್ಜಿ ಯೋಚಿಸಿದಳು. “ನಮ್ಮಮ್ಮ ಇದೆ ಅಂತಿದ್ಲು. ಅವರಮ್ಮಾನೂ ಅಂತಿದ್ರಂತೆ. ನಂಗೆ ಗೊತ್ತಿಲ್ಲ ಪುಟ್ಟಾ. ಆದ್ರೆ ಅವತ್ತು ನಮ್ಮ ಗಡಿಗೇಲಿ ಇದ್ದಿದ್ದು ಬಿಸಿನೀರು.”

ಅವಳು ಕೈ ಒರೆಸಿಕೊಂಡು ಒಳಗೆ ಹೋಗಿ ಚಪ್ಪಲಿ ಹುಡುಕಿದಳು. ಮಂಡಿನೋವು ಶುರುವಾದ ಮೇಲೆ ಅಜ್ಜಿ ಗೇಟು ದಾಟಿದ್ದೇ ಅಪರೂಪ. ಚಪ್ಪಲಿ ಮಂಚದ ಕೆಳಗೆ ದೂಳು ಹಿಡಿದು ಬಿದ್ದಿತ್ತು. ಚೂಟಿ ಅದನ್ನು ತೆಗೆದು, ಒರೆಸಿ, ಅಜ್ಜಿಯ ಕಾಲಿನ ಹತ್ತಿರ ಇಟ್ಟಳು.

“ಎಲ್ಲಿಗಜ್ಜಿ?”

“ಎಲ್ಲಿಗೆ ಅಂತ ಕೇಳ್ತೀಯಲ್ಲ! ನಡಿ.”

ಬೀದಿಯಲ್ಲಿ ಇಬ್ಬರೂ ನಿಧಾನವಾಗಿ ನಡೆದರು. ಅಜ್ಜಿಯ ಒಂದು ಕೈ ಚೂಟಿಯ ಹೆಗಲ ಮೇಲಿತ್ತು. ಟೈಲರ್ ಅಂಗಡಿ ದಾಟಿದ ಮೇಲೆ ಚೂಟಿ ಮೆಲ್ಲಗೆ ಕೇಳಿದಳು:

“ಅಮ್ಮನಿಗೆ ಹೇಳ್ತೀಯಾ?”

“ನಾನ್ಯಾಕೆ ಹೇಳ್ಲಿ? ಭಾನುವಾರ ಫೋನ್ ಬರುತ್ತಲ್ಲ, ನೀನೇ ಹೇಳು.”

“ನನ್ನ ಕಳಿಸಿಬಿಡ್ತೀಯಾ?”

ಅಜ್ಜಿ ನಡೆಯುವುದನ್ನು ನಿಲ್ಲಿಸಿದಳು. “ಕಳಿಸೋದಾ? ಎಲ್ಲಿಗೆ? ನಿನ್ನ ಕಳಿಸಿ ನಾನು ಹಸು ಜೊತೆ ಮಾತಾಡ್ಕೊಂಡು ಕೂತಿರ್ಲಾ?” ಎಂದಳು. ಸ್ವಲ್ಪ ತಡೆದು, “ಇಷ್ಟು ದಿನ ಇದನ್ನೇ ಹೊಟ್ಟೇಲಿ ಇಟ್ಕೊಂಡಿದ್ಯಾ? ಪೆದ್ದಿ,” ಎಂದು ಅವಳ ಹೆಗಲನ್ನು ಒಮ್ಮೆ ಒತ್ತಿದಳು. “ನೋಡು, ನಾನು ಅಂದಿದ್ದಕ್ಕೆ ನಾನು ಹೇಳ್ತೀನಿ. ನಿಂದು ನೀನೇ ಹೇಳಬೇಕು. ಅದನ್ನ ನಾನು ಹೇಳೋಕಾಗಲ್ಲ.”

*

ಶಾಪಿನಲ್ಲಿ ಸೈಕಲ್ ಮಾಮ ಅಜ್ಜಿಯನ್ನು ನೋಡಿ ಗಡಬಡಿಸಿ ಎದ್ದು ಸ್ಟೂಲ್ ಒರೆಸಿ ಹಾಕಿದರು. “ಏನಮ್ಮಾ, ನೀವೇ ಬಂದ್ರಿ? ಹೇಳಿ ಕಳಿಸಿದ್ರೆ ನಾನೇ ಬರ್ತಿದ್ನಲ್ಲ!”

“ನಿನ್ನ ಹತ್ರ ಅಲ್ಲಪ್ಪ ಕೆಲಸ. ನಿನ್ನ ಮಗಳನ್ನ ಕರಿ.”

ಟ್ರಿಣ್ಣಿ ಪರದೆ ಸರಿಸಿ ಬಂದಳು. ಅಜ್ಜಿಯ ದನಿ ಕೇಳಿಯೇ ಅವಳ ಕಣ್ಣು ನೆಲಕ್ಕೆ ಇಳಿದಿತ್ತು. ಕಾಲ್ಬೆರಳಿನಲ್ಲಿ ನೆಲದ ಮೇಲಿನ ಒಂದು ನಟ್ಟನ್ನು ಉರುಳಿಸುತ್ತಾ ನಿಂತಳು.

ಅಜ್ಜಿ ಸ್ಟೂಲಿನ ಮೇಲೆ ಕೂರಲಿಲ್ಲ. “ಮಗೂ, ಅವತ್ತು ನಾನು ನಿನಗೊಂದು ಮಾತು ಅಂದೆ. ಅದು ತಪ್ಪು. ನಿನ್ನ ಕಣ್ಣು ಸರಿಯಾಗೇ ಇದೆ. ಸರಿ ಇಲ್ಲದೆ ಇದ್ದಿದ್ದು ನನ್ನ ಬಾಯಿ.”

ಟ್ರಿಣ್ಣಿಯ ಕಾಲಡಿ ನಟ್ಟು ಉರುಳುವುದು ನಿಂತಿತು, ತಲೆ ಮಾತ್ರ ಮೇಲೇಳಲಿಲ್ಲ. ದೊಡ್ಡವರು ಸಮಾಧಾನಕ್ಕೆ ಹೀಗೆಲ್ಲ ಹೇಳುತ್ತಾರೆ ಎಂದು ಅವಳಿಗೆ ಗೊತ್ತಿತ್ತು.

ಈಗ ಎಲ್ಲರೂ ಚೂಟಿಯ ಕಡೆ ನೋಡಿದರು. ಮಾಮನ ಕೈಯಲ್ಲಿ ಪಂಪ್ ಹಾಗೇ ಇತ್ತು.

“ನಾನು ಬಿಸಿನೀರು ಹಾಕಿದ್ದೆ,” ಎಂದಳು. “ನೀನು ಗೇಟ್ ಹತ್ರ ಹೋಗಿದ್ದಾಗ. ಕುದಿಯೋ ನೀರು. ಅದಕ್ಕೇ ಬೆಣ್ಣೆ ಬರ್ಲಿಲ್ಲ. ನೀನು ನೋಡಿದ್ದಕ್ಕಲ್ಲ.”

ಟ್ರಿಣ್ಣಿ ತಲೆ ಎತ್ತಿದಳು. ಶನಿವಾರವಾದ ಮೇಲೆ ಮೊದಲ ಸಲ ಅವಳು ಚೂಟಿಯ ಮುಖವನ್ನು ನೇರವಾಗಿ ನೋಡಿದಳು.

“ಅಜ್ಜಿ ನನಗೆ ಹೊರಗೆ ಹೋಗು ಅಂದಾಗ ನಿಂಗೆ ಗೊತ್ತಿತ್ತಾ?”

ಚೂಟಿ ಹೌದೆಂದು ತಲೆಯಾಡಿಸಿದಳು.

“ಅವತ್ತೇ ಗೊತ್ತಿತ್ತಾ?”

“ಹೂಂ.”

“ಇವತ್ತು ಟ್ಯಾಂಕ್ ಹತ್ರ ಬಂದಾಗಲೂ?”

“ಹೂಂ.”

ಟ್ರಿಣ್ಣಿಯ ಮೂಗಿನ ಹೊಳ್ಳೆ ಅರಳಿತು. ಮುಖ ಕೆಂಪಾಯಿತು. ಇಷ್ಟು ಹೊತ್ತು ಇಲ್ಲದ ಕೋಪ ಈಗ ಬಂದಿತ್ತು. ಗಕ್ಕನೆ ತಿರುಗಿ, ಪರದೆ ಎಳೆದು, ಒಳಗೆ ಹೋಗಿಬಿಟ್ಟಳು.

“ಏಯ್, ಇದೇನೇ ಇದು? ಮನೆಗೆ ಬಂದೋರನ್ನ...” ಎಂದು ಮಾಮ ಎದ್ದರು.

“ಬಿಡಪ್ಪ,” ಎಂದಳು ಅಜ್ಜಿ. “ಅವಳಿಷ್ಟ.”

ಪರದೆ ಅಲುಗಾಡಿ ನಿಂತಿತು. ಚೂಟಿ ಅದನ್ನೇ ನೋಡುತ್ತಾ ನಿಂತಳು. ನಾಳೆಯೂ ಬೆಂಚಿನ ಪಕ್ಕದ ಜಾಗ ಖಾಲಿ ಇರುತ್ತದೆ. ನಾಡಿದ್ದೂ ಇರಬಹುದು. ಶನಿವಾರ ಗಡಿಗೆಯ ಮುಂದೆ ಅವಳೊಬ್ಬಳೇ ಕೂರಬೇಕಾಗಬಹುದು.

ಒಳಗೆ ಮೊದಲು ಏನೂ ಕೇಳಿಸಲಿಲ್ಲ. ಆಮೇಲೆ ಮಂಚ ಕಿರುಗುಟ್ಟಿತು. ಆಮೇಲೆ ಟ್ರಿಣ್ಣಿಯ ದನಿ. ಮೊದಲು ಸಣ್ಣಗೆ, ಹೆದರಿ ಹೆದರಿ.

“ಪಾಪೂ... ಏಯ್ ಪಾಪೂ... ಇಲ್ನೋಡು.”

ಮಗುವಿನ ಅಳು ನಿಂತಿತು.

“ನನ್ನ ನೋಡೋ. ಹಾಂ, ಹಾಗೆ. ಥೂ, ಏನೋ ಇದು ನಿನ್ನ ಮೂಗು, ನಲ್ಲಿ ಹಾಗೆ ಸೋರ್ತಿದೆ! ಕೋತಿ! ಯಾರೋ ಕೋತಿ? ನೀನೇನಾ? ನೀನೇನೋ?”

ಪಾಪು ಕೇಕೆ ಹಾಕಿ ನಕ್ಕ. ಟ್ರಿಣ್ಣಿಯ ಮಾತು ಶುರುವಾದದ್ದು ನಿಲ್ಲಲಿಲ್ಲ. ಅವನ ಹಲ್ಲು ನೋಡಿದಳು, ಕಿವಿ ನೋಡಿದಳು, ಬೆರಳು ಒಂದೊಂದಾಗಿ ನೋಡಿದಳು, ನೋಡಿದ್ದನ್ನೆಲ್ಲ ಅವನಿಗೇ ಹೇಳಿದಳು. ಅಕ್ಕಪಕ್ಕದ ಮನೆಗೂ ಕೇಳುವಷ್ಟು ಜೋರಾಗಿ ಹೇಳಿದಳು.

ಸೈಕಲ್ ಮಾಮ ಏನೂ ತಿಳಿಯದೆ ಪರದೆಯನ್ನೂ ಅಜ್ಜಿಯನ್ನೂ ಬದಲಿಸಿ ಬದಲಿಸಿ ನೋಡಿದರು. ಮತ್ತೆ ಕೂತು ಟ್ಯೂಬಿಗೆ ಗಾಳಿ ಹೊಡೆಯತೊಡಗಿದರು.

ಅಜ್ಜಿ ಚೂಟಿಯ ಹೆಗಲ ಮೇಲೆ ಕೈ ಇಟ್ಟಳು. “ಕತ್ತಲಾಗ್ತಿದೆ. ಹೋಗೋಣ್ವಾ?”

ಒಳಗಿನ ಮಾತಿನಲ್ಲಿ ಒಂದೂ ಚೂಟಿಗಾಗಿ ಇರಲಿಲ್ಲ. ಯಾರೂ ಅವಳನ್ನು ಒಳಗೆ ಕರೆಯಲೂ ಇಲ್ಲ.

“ಇನ್ನೊಂದು ಸ್ವಲ್ಪ ಹೊತ್ತು ಇರೋಣ ಅಜ್ಜಿ,” ಎಂದಳು ಅವಳು.

ಅಜ್ಜಿ ಸ್ಟೂಲಿನ ಮೇಲೆ ಕೂತಳು. ಚೂಟಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕೇಳಿಸಿಕೊಳ್ಳುತ್ತಿದ್ದಳು.